ಒಂದೇ ಗುಂಡಿನ ಬಂದೂಕು, ಮೂರು ಕೋಟಿ ಬೈಸನ್

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ.

1870ರ ದಶಕ. ಅಮೆರಿಕದ ಮಧ್ಯಭಾಗದ ದೊಡ್ಡ ಹುಲ್ಲುಗಾವಲು. ರಿಚರ್ಡ್ ಇರ್ವಿಂಗ್ ಡಾಜ್ ಅನ್ನೋ ಸೇನಾಧಿಕಾರಿ ಅಲ್ಲಿ ಕುದುರೆ ಮೇಲೆ ಹೋಗ್ತಾ ಇರ್ತಾನೆ. ಒಂದು ಜಾಗದಲ್ಲಿ ನಿಂತು ಸತ್ತ ಬೈಸನ್‌ಗಳನ್ನ ಎಣಿಸ್ತಾನೆ. ಇನ್ನೂರು ಗಜದ ಅರ್ಧವೃತ್ತದೊಳಗೆ 112 ಹೆಣ. ಇಷ್ಟನ್ನೂ ಹೊಡೆದದ್ದು ಒಬ್ಬನೇ ಮನುಷ್ಯ, ಕೂತ ಜಾಗದಿಂದ ಏಳದೆ, ಮುಕ್ಕಾಲು ಗಂಟೆಯೊಳಗೆ ಅಂತ ಡಾಜ್ ಬರೆದಿಟ್ಟಿದ್ದಾನೆ.

ಫೋನ್ ತೆಗೆದು ಭಾಗಿಸಿ ನೋಡಿ. ಇಪ್ಪತ್ತನಾಲ್ಕು ಸೆಕೆಂಡಿಗೊಂದು ಪ್ರಾಣಿ.

ಇದನ್ನ ಓದಿದಾಗ ಮನಸ್ಸಿಗೆ ಮೊದಲು ಬರೋದು ಮೆಷಿನ್ ಗನ್. ಆದರೆ ಆ ಬೇಟೆಗಾರರ ಕೈಯಲ್ಲಿ ಇದ್ದದ್ದು ಒಂದು ಸಲಕ್ಕೆ ಒಂದೇ ಗುಂಡು ಹಾರಿಸೋ ಬಂದೂಕು. ಒಂದು ತೋಟಾ ಹಾಕು, ಹೊಡಿ, ಖಾಲಿ ಕೇಸ್ ತೆಗಿ, ಇನ್ನೊಂದು ಹಾಕು. ನಿಮ್ಮಲ್ಲಿ ಯಾರಾದ್ರೂ ರೆಡ್ ಡೆಡ್ ರಿಡೆಂಪ್ಷನ್ 2 ಆಡಿದ್ರೆ ಅದರಲ್ಲಿ ರೋಲಿಂಗ್ ಬ್ಲಾಕ್ ಅನ್ನೋ ರೈಫಲ್ ನೋಡಿರ್ತೀರಿ. ಅದೇ ಜಾತಿ. ಇನ್ನೊಂದು ವಿಷಯ: ಆ ಬಂದೂಕಿಗೆ ಬೇಕಾದ ಗುಂಡನ್ನ ಬೇಟೆಗಾರರು ಹೆಚ್ಚಾಗಿ ತಾವೇ ಎರಕ ಹೊಯ್ದು, ಮದ್ದು ತುಂಬಿ ತಯಾರಿಸಿಕೊಳ್ತಿದ್ರು. ರಾತ್ರಿ, ಬೆಂಕಿ ಪಕ್ಕದಲ್ಲಿ, ಅಡುಗೆ ಮುಗಿದ ಮೇಲೆ.

ಸುಮಾರು ಮೂರು ಕೋಟಿ ಇದ್ದಿರಬಹುದು ಅಂತ ಅಂದಾಜಿರೋ ಒಂದು ಪ್ರಾಣಿಸಂತತಿ ಸಾವಿರದ ಲೆಕ್ಕಕ್ಕೆ ಇಳಿದದ್ದರ ಕಥೆಯಲ್ಲಿ ಈ ಒಲೆ, ಸೌಟು, ಸೀಸ ಇವೆಲ್ಲ ಎಲ್ಲಿ ಬರುತ್ತವೆ ಅನ್ನೋದೇ ಇವತ್ತಿನ ಮಾತು. ಅಂದ ಹಾಗೆ, ನಮ್ಮ ಮಲೆನಾಡಿನ ಕಾಟಿಯನ್ನೂ ಬ್ರಿಟಿಷರು ಬೈಸನ್ ಅಂತ ಕರೆದುಬಿಟ್ಟರು. ಅದು ಬೇರೆ ಪ್ರಾಣಿ. ಈ ಸಂಚಿಕೆಯಲ್ಲಿ ಬೈಸನ್ ಅಂದ್ರೆ ಅಮೆರಿಕದ್ದೇ, ಆ ಗೂನು ಬೆನ್ನಿನ, ಗಡ್ಡದ ಪ್ರಾಣಿ.

ಮೊದಲು ಬಂದೂಕು. ಕ್ರಿಶ್ಚಿಯನ್ ಶಾರ್ಪ್ಸ್ ಅನ್ನೋನು 1848ರಲ್ಲಿ ಒಂದು ಪೇಟೆಂಟ್ ಪಡೆದ. ನಳಿಕೆಯ ಹಿಂಭಾಗದಲ್ಲಿ ಒಂದು ದಪ್ಪ ಉಕ್ಕಿನ ದಿಮ್ಮಿ. ಕೆಳಗಿನ ಸನ್ನೆ ಎಳೆದರೆ ಆ ದಿಮ್ಮಿ ಬಾಗಿಲ ಹಾಗೆ ಕೆಳಗಿಳಿಯುತ್ತೆ, ಒಳಗೆ ತೋಟಾ ತಳ್ಳಿ ಮತ್ತೆ ಮುಚ್ಚಬಹುದು. ಸರಳ, ಆದರೆ ಬಲವಾದ ವ್ಯವಸ್ಥೆ. ರೆಮಿಂಗ್ಟನ್ ಕಂಪನಿಯ ರೋಲಿಂಗ್ ಬ್ಲಾಕ್‌ದೂ ಹೆಚ್ಚುಕಡಿಮೆ ಅದೇ ಕೆಲಸ, ದಾರಿ ಬೇರೆ. ಅದೇ ಕಾಲದಲ್ಲಿ ಒಂದರ ಹಿಂದೊಂದು ಹತ್ತಾರು ಗುಂಡು ಹಾರಿಸೋ ವಿಂಚೆಸ್ಟರ್ ಬಂದೂಕುಗಳೂ ಮಾರುಕಟ್ಟೆಯಲ್ಲಿ ಇದ್ವು. ಹಾಗಿದ್ರೂ ಚರ್ಮದ ಬೇಟೆಗಾರರು ಅದನ್ನ ಬಿಟ್ಟು ಒಂದೇ ಗುಂಡಿನ ಭಾರದ ಬಂದೂಕು ಆರಿಸಿಕೊಂಡ್ರು. ಯಾಕೆ?

ಉತ್ತರ ತೂಕದಲ್ಲಿದೆ.

ಬಂದೂಕಿನ ಲೋಕದಲ್ಲಿ ಗುಂಡನ್ನೂ ಮದ್ದನ್ನೂ ಇವತ್ತಿಗೂ ಗ್ರೇನ್ ಅನ್ನೋ ಅಳತೆಯಲ್ಲಿ ತೂಗ್ತಾರೆ. ಮೂಲದಲ್ಲಿ ಒಂದು ಧಾನ್ಯದ ಕಾಳಿನ ತೂಕ. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗ್ತಿದ್ದ ಹಾಗೇನೇ. ಬ್ರಿಟಿಷ್ ಇಂಡಿಯಾದಲ್ಲಿ ಗೊತ್ತುಮಾಡಿದ ಒಂದು ತೊಲ ಅಂದ್ರೆ ಸರಿಯಾಗಿ 180 ಗ್ರೇನ್. ಆ ಕಾಲದ ಅಮೆರಿಕದ ತೋಟಾಗಳ ಹೆಸರಲ್ಲೇ ಈ ಲೆಕ್ಕ ಇರುತ್ತೆ. ನಲವತ್ತೈದು–ಎಪ್ಪತ್ತು ಅಂದ್ರೆ 0.45 ಇಂಚು ದಪ್ಪದ ಗುಂಡು, ಹಿಂದೆ 70 ಗ್ರೇನ್ ಮದ್ದು. ಅಮೆರಿಕದ ಸೇನೆ 1873ರಲ್ಲಿ ಒಪ್ಪಿಕೊಂಡದ್ದು ಇದನ್ನೇ, ಗುಂಡು 405 ಗ್ರೇನ್ ತೂಕ. ಬೇಟೆಗಾರರಿಗೆ ಅದೂ ಸಾಲಲಿಲ್ಲ. 1872ರಲ್ಲಿ ಶಾರ್ಪ್ಸ್ ಕಂಪನಿ ತಂದ ತೋಟಾಗೆ 'ಬಿಗ್ ಫಿಫ್ಟಿ' ಅಂತ ಅಡ್ಡಹೆಸರು. ಅರ್ಧ ಇಂಚು ದಪ್ಪ, 90 ಗ್ರೇನ್ ಮದ್ದು, ಮುಂದೆ 473 ಗ್ರೇನ್ ಸೀಸ.

ಗ್ರಾಂ ಲೆಕ್ಕದಲ್ಲಿ ಅದು ಮೂವತ್ತೂವರೆ ಚಿಲ್ಲರೆ. ಜೇಬಲ್ಲಿ ಹತ್ತು ರೂಪಾಯಿ ನಾಣ್ಯ ನಾಲ್ಕಿದ್ರೆ ಅಂಗೈ ಮೇಲೆ ಇಟ್ಟು ನೋಡಿ. ಅಷ್ಟು ಭಾರ ಒಂದೇ ಗುಂಡಿನಲ್ಲಿ. ನಮ್ಮ ಇನ್ಸಾಸ್ ರೈಫಲ್‌ನ ಗುಂಡು ಸುಮಾರು ನಾಲ್ಕು ಗ್ರಾಂ. ವಿಂಚೆಸ್ಟರ್ 1873ರ ಗುಂಡು ಬಿಗ್ ಫಿಫ್ಟಿಯ ಅರ್ಧದಷ್ಟೂ ಇರಲಿಲ್ಲ, ಅದರ ಹಿಂದೆ ಇದ್ದ ಮದ್ದು ಬರೀ 40 ಗ್ರೇನ್. ಆ ಪುಟ್ಟ ತೋಟಾ ಹತ್ತಿರದ ಜಿಂಕೆಗೆ ಸಾಕು. ಇನ್ನೂರು, ಮುನ್ನೂರು ಗಜ ದೂರದಲ್ಲಿ ನಿಂತ, ಒಂಬೈನೂರು ಕಿಲೋವರೆಗೂ ತೂಗೋ ಗೂಳಿಗೆ ಸಾಲದು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ. ಇವತ್ತಿನ ರೈಫಲ್ ಗುಂಡು ಸೆಕೆಂಡಿಗೆ ಒಂಬೈನೂರು ಮೀಟರ್ ಆಸುಪಾಸಲ್ಲಿ ಹೋಗುತ್ತೆ. ಆಗ ಇದ್ದದ್ದು ಕರಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ. ಅದನ್ನ ಎಷ್ಟೇ ತುಂಬಿದ್ರೂ ಇಂಥ ಭಾರದ ಗುಂಡು ಸೆಕೆಂಡಿಗೆ 400 ಮೀಟರ್ ಹತ್ತಿರ ಬಂದು ನಿಂತುಬಿಡುತ್ತೆ. ಮದ್ದು ಜಾಸ್ತಿ ಮಾಡಿದ್ರೆ ಹೆಗಲಿಗೆ ಒದೆ ಜಾಸ್ತಿ, ನಳಿಕೆಯಲ್ಲಿ ಮಸಿ ಜಾಸ್ತಿ, ವೇಗ ಮಾತ್ರ ಅಷ್ಟಕ್ಕಷ್ಟೇ. ವೇಗ ಹೆಚ್ಚಿಸೋ ದಾರಿ ಮುಚ್ಚಿದಾಗ ಉಳಿಯೋದು ಒಂದೇ ದಾರಿ, ಗುಂಡಿನ ಭಾರ ಹೆಚ್ಚಿಸೋದು. ಬರೀ ದಪ್ಪ ಮಾಡಿದ್ರೆ ಗಾಳಿ ತಡೆಯುತ್ತೆ, ಅದಕ್ಕೆ ಉದ್ದ ಮಾಡಿದ್ರು. ಉದ್ದನೆಯ ಭಾರದ ಸೀಸದ ಗುಂಡು ನಿಧಾನವಾಗಿ ಹೊರಟರೂ ದಾರಿಯಲ್ಲಿ ವೇಗ ಕಳೆದುಕೊಳ್ಳೋದು ಕಡಿಮೆ. ಪ್ರಾಣಿಯ ಮೈಯೊಳಗೆ ಆಳಕ್ಕೆ ಹೋಗುತ್ತೆ. ಸೇನೆಯವರೂ ನ್ಯೂಜೆರ್ಸಿಯ ಸ್ಯಾಂಡಿ ಹುಕ್ ಮರಳ ತೀರದಲ್ಲಿ 1879ರಲ್ಲಿ ಪರೀಕ್ಷೆ ಮಾಡಿ, 405ರ ಬದಲು 500 ಗ್ರೇನ್ ಗುಂಡೇ ದೂರಕ್ಕೆ ವಾಸಿ ಅಂತ ಕಂಡುಕೊಂಡ್ರು.

ಸರಿ, ಗುಂಡು ಭಾರ ಇರಬೇಕು ಅಂತಾಯ್ತು. ಅದಕ್ಕೆ ಸೀಸ. ಅಗ್ಗ, ಭಾರ, 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಅಂದ್ರೆ ಸೌದೆ ಒಲೆ ಸಾಕು. ಆದರೆ ಶುದ್ಧ ಸೀಸ ತೀರಾ ಮೆತ್ತಗೆ, ಉಗುರಲ್ಲಿ ಗೀರಬಹುದು. ನಳಿಕೆಯ ಒಳಗೆ ಸುರುಳಿ ಗೆರೆಗಳಿರುತ್ತವೆ, ಗುಂಡನ್ನ ಬುಗುರಿ ಹಾಗೆ ತಿರುಗಿಸೋಕೆ. ಮೆತ್ತಗಿನ ಸೀಸ ಆ ಗೆರೆಗಳನ್ನ ಹಿಡಿದುಕೊಳ್ಳದೆ ಜಾರುತ್ತೆ, ಒಳಗೆ ಮೆತ್ತಿಕೊಳ್ಳುತ್ತೆ. ಅದಕ್ಕೆ ತವರ ಬೆರೆಸ್ತಾರೆ. ತವರ ಅಂದ್ರೆ ಯಾವುದು ಗೊತ್ತಲ್ಲ? ಬೀದಿಯಲ್ಲಿ 'ಕಲಾಯಿ' ಅಂತ ಕೂಗಿಕೊಂಡು ಬಂದು ಹಿತ್ತಾಳೆ ಪಾತ್ರೆಗೆ ಬೆಳ್ಳಿ ಬಣ್ಣ ಬಳಿದು ಹೋಗ್ತಿದ್ದರಲ್ಲ, ಅದೇ ಲೋಹ. ನೀವು ನೋಡಿರದಿದ್ರೆ ಅಜ್ಜಿಯನ್ನ ಕೇಳಿ. ಹದಿನಾರು ಪಾಲು ಸೀಸಕ್ಕೆ ಒಂದು ಪಾಲು ತವರ, ಇಪ್ಪತ್ತಕ್ಕೆ ಒಂದು, ಮೂವತ್ತಕ್ಕೆ ಒಂದು, ಹೀಗೆ ಹದಗಳು. ತವರ ಜಾಸ್ತಿಯಾದ್ರೆ ಗುಂಡು ಗಟ್ಟಿ, ಆದರೆ ಪ್ರಾಣಿಗೆ ಬಡಿದಾಗ ಅಗಲ ಆಗಲ್ಲ. ಕಡಿಮೆಯಾದ್ರೆ ಅಗಲ ಆಗುತ್ತೆ, ಆದರೆ ಗುರಿ ಕೆಡುತ್ತೆ. ಮೇಲಾಗಿ ತವರ ದುಬಾರಿ.

ಸೀಸಕ್ಕೆ ತವರದ ಜತೆ ಆಂಟಿಮನಿ ಸೇರಿಸಿದ್ರೆ ಇನ್ನೂ ಗಟ್ಟಿಯಾದ ಲೋಹ ಬರುತ್ತೆ. ಅದು ಅಚ್ಚುಮೊಳೆಯ ಲೋಹ. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಂಥ ಕಡೆ ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕ್ತಿದ್ದ ಕಾಲದ ಅಕ್ಷರಗಳ ಲೋಹ. ಮುದ್ರಣಾಲಯಗಳು ಮೊಳೆ ಬಿಟ್ಟ ಮೇಲೆ ಅಮೆರಿಕದಲ್ಲಿ ಎಷ್ಟೋ ಟನ್ ಹಳೆಯ ಅಕ್ಷರಗಳು ಹವ್ಯಾಸಿಗಳ ಒಲೆಗೆ ಹೋಗಿ ಗುಂಡಾದವು. ಉಲ್ಟಾ ಕಥೆಗಳೂ ಇವೆ ಅಂತಲ್ಲ, ಆದರೆ ಸೀಸಕ್ಕೆ ಇಂಥ ರೂಪ ಬದಲಾವಣೆ ಹೊಸದಲ್ಲ. 1776ರಲ್ಲಿ ನ್ಯೂಯಾರ್ಕಿನ ಜನ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಸೀಸದ ಪ್ರತಿಮೆ ಕೆಡವಿ, ಕನೆಕ್ಟಿಕಟ್‌ಗೆ ಸಾಗಿಸಿ, ಅದರಿಂದ 42,088 ಗುಂಡು ಎರಕ ಹೊಯ್ದರು. ಎಣಿಸಿ ಬರೆದಿಟ್ಟಿದ್ದಾರೆ, ಪಾಪ.

ಈಗ ಬೇಟೆಗಾರರ ಬಿಡಾರಕ್ಕೆ ಹೋಗೋಣ.

ಒಂದು ತಂಡ ಅಂದ್ರೆ ಸಾಮಾನ್ಯವಾಗಿ ಒಬ್ಬ ಬಂದೂಕಿನವನು, ಚರ್ಮ ಸುಲಿಯೋಕೆ ಇಬ್ಬರೋ ಮೂವರೋ, ಒಬ್ಬ ಅಡುಗೆಯವನು, ಬಂಡಿಗಳು. ಪೇಟೆಯಿಂದ ಎಷ್ಟೋ ದಿನದ ದಾರಿ. ಬಂಡಿಯಲ್ಲಿ ಹಿಟ್ಟು, ಕಾಫಿಯ ಜತೆ ಸೀಸದ ಗಟ್ಟಿಗಳು, ಮದ್ದಿನ ಡಬ್ಬಗಳು. ಕಾರ್ಖಾನೆಯ ಸಿದ್ಧ ತೋಟಾ ಕೊಂಡು ಹೊಡೆದರೆ ಕಟ್ಟುಬಡಿಯಾಗದು. ಒಂದು ಚರ್ಮಕ್ಕೆ ಸಿಗ್ತಿದ್ದದ್ದು ಒಂದರಿಂದ ಮೂರು ಡಾಲರ್ ಚಿಲ್ಲರೆ, ಅದರಲ್ಲಿ ಸುಲಿಯೋರ ಕೂಲಿ, ಬಂಡಿ ಬಾಡಿಗೆ, ಊಟ ಎಲ್ಲ ಕಳೀಬೇಕು. ಹಾಗಾಗಿ ಹಿತ್ತಾಳೆ ಕೇಸ್ ಎಸೆಯೋ ಮಾತೇ ಇಲ್ಲ. ಹಗಲು ಹೊಡೆದ ಖಾಲಿ ಕೇಸ್‌ಗಳನ್ನ ಆರಿಸಿ ತಂದು, ಮಸಿ ತೊಳೆದು, ಹಳೆಯ ಪ್ರೈಮರ್ ತೆಗೆದು ಹೊಸದು ಕೂರಿಸಿ — ಪ್ರೈಮರ್ ಅಂದ್ರೆ ದೀಪಾವಳಿ ಪಿಸ್ತೂಲಿನ ಕೇಪು ಇದ್ದ ಹಾಗೆ, ಬಡಿದರೆ ಕಿಡಿ ಕೊಡೋ ಭಾಗ — ಮದ್ದು ಅಳೆದು ಹಾಕಿ, ಮೇಲೆ ಗುಂಡು ಕೂರಿಸ್ತಿದ್ರು.

ಎರಕದ ಕೆಲಸ ನೋಡೋಕೆ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೇ. ಎರಡು ಹೋಳಿನ ಅಚ್ಚು, ಮೇಲೆ ಒಂದು ತೂತು, ಅದರೊಳಗೆ ಸೌಟಿನಿಂದ ಹೊಯ್ಯಬೇಕು. ಸಕ್ಕರೆ ಪಾಕದ ಹದ ತಪ್ಪಿದ್ರೆ ಆನೆಗೆ ಸೊಂಡಿಲು ಬರಲ್ಲ. ಇಲ್ಲೂ ಅಚ್ಚು ತಣ್ಣಗಿದ್ರೆ ಗುಂಡಿನ ಮೈ ಸುಕ್ಕು ಸುಕ್ಕು. ಸುಕ್ಕಾದದ್ದು ಮತ್ತೆ ಪಾತ್ರೆಗೆ. ಹೊಗೆಯ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ತಿರಲಿಲ್ಲ, ಸೀಸದ ವಿಷ ನಿಧಾನಕ್ಕೆ ಮೈಗೇರುತ್ತೆ ಅನ್ನೋದು ಆ ಬಿಡಾರಗಳಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ.

ಇನ್ನೊಂದು ತೊಂದರೆ ಮಸಿ. ಕರಿಮದ್ದು ಉರಿದಾಗ ಅರ್ಧಕ್ಕೂ ಹೆಚ್ಚು ಭಾಗ ಗಟ್ಟಿ ಬೂದಿಯಾಗಿ ಉಳಿಯುತ್ತೆ. ಹತ್ತು ಗುಂಡು ಹೊಡೆಯೋ ಹೊತ್ತಿಗೆ ನಳಿಕೆಯೊಳಗೆ ಒಣಗಿದ ಪದರ. ಅದು ಮೆತ್ತಗಿರಲಿ ಅಂತ ಗುಂಡಿಗೆ ಕೊಬ್ಬು, ಜೇನುಮೇಣ ಬೆರೆಸಿ ಸವರ್ತಾರೆ. ಇಲ್ಲಾಂದ್ರೆ ಗುಂಡಿಗೆ ತೆಳ್ಳನೆಯ ಕಾಗದ ಸುತ್ತುತ್ತಾರೆ, ಸೀಸ ಉಕ್ಕಿಗೆ ತಾಗದ ಹಾಗೆ. ನಳಿಕೆಯಿಂದ ಹೊರಬಿದ್ದ ಕೂಡಲೇ ಆ ಕಾಗದ ಚೂರುಚೂರಾಗಿ ಉದುರುತ್ತೆ.

ಕೊಬ್ಬು, ಕಾಗದ, ಗುಂಡು... ಕೇಳಿದ ಹಾಗಿದೆ ಅಲ್ವಾ? 1857. ಎನ್‌ಫೀಲ್ಡ್ ಬಂದೂಕಿನ ತೋಟಾ. ಹಸುವಿನ ಕೊಬ್ಬು, ಹಂದಿಯ ಕೊಬ್ಬು ಅನ್ನೋ ಮಾತು ನಾವೆಲ್ಲ ಹೈಸ್ಕೂಲಲ್ಲಿ ಓದಿ ಎರಡು ಅಂಕ ತಗೊಂಡಿದ್ದೀವಿ. ಆದರೆ ಗುಂಡಿಗೆ ಕೊಬ್ಬು ಸವರೋದಾದ್ರೂ ಯಾಕೆ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಕಾರಣ ಇದೇ, ಕರಿಮದ್ದಿನ ಮಸಿ. ಎನ್‌ಫೀಲ್ಡ್‌ನಲ್ಲಿ ಗುಂಡನ್ನ ಬಾಯಿಯಿಂದ ಕೆಳಕ್ಕೆ ತಳ್ಳಬೇಕಿತ್ತು, ಕಾಗದ ಸುತ್ತಿದ ಗುಂಡು ಮಸಿಯ ಮೇಲೆ ಜಾರೋಕೆ ಜಿಡ್ಡು ಬೇಕೇಬೇಕಿತ್ತು. ಯಾವ ಪ್ರಾಣಿಯ ಜಿಡ್ಡು ಅನ್ನೋದು ಕಾರ್ಖಾನೆಯವರಿಗೆ ಸಣ್ಣ ವಿಷಯ, ಹಲ್ಲಲ್ಲಿ ತೋಟಾ ಹರೀಬೇಕಿದ್ದ ಸಿಪಾಯಿಗೆ ದೊಡ್ಡದು.

ಭಾರತದ ನಂಟು ಇನ್ನೂ ಒಂದಿದೆ. ಒಳ್ಳೆಯ ಮದ್ದಿಗೆ ಬೇಕಾದ ಪೆಟ್ಲುಪ್ಪಿನ ದೊಡ್ಡ ಪಾಲು ಆಗ ಲೋಕಕ್ಕೆಲ್ಲ ಹೋಗ್ತಿದ್ದದ್ದು ಬಿಹಾರದಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧದ ನಡುವೆ ಡುಪಾಂಟ್ ಮದ್ದಿನ ಕಂಪನಿಯ ಲ್ಯಾಮೋಟ್ ಡುಪಾಂಟ್ ಲಂಡನ್ನಿಗೆ ಹೋಗಿ, ಅಲ್ಲಿದ್ದ ಭಾರತದ ಪೆಟ್ಲುಪ್ಪನ್ನ ಗುಟ್ಟಾಗಿ ಕೊಂಡ. ಎರಡು ದೇಶಗಳ ನಡುವೆ ಜಗಳ ಹತ್ತಿ ಬ್ರಿಟನ್ ಸರ್ಕಾರ ಆ ಹಡಗುಗಳನ್ನ ತಡೆಹಿಡಿಯಿತು. ಜಗಳ ಇತ್ಯರ್ಥ ಆದ ಮೇಲೇ ಬಿಟ್ಟದ್ದು.

ಹಿತ್ತಾಳೆ ಕೇಸ್ ಅಂದೆನಲ್ಲ, ಆ ಲೋಹದ ಆಯ್ಕೆಯೂ ಸಣ್ಣ ಮಾತಲ್ಲ. ಹಿತ್ತಾಳೆಗೆ ಸ್ಪ್ರಿಂಗಿನ ಗುಣ ಇದೆ. ಹೊಡೆದಾಗ ಹಿಗ್ಗಿ, ಮತ್ತೆ ಕುಗ್ಗುತ್ತೆ, ಸಲೀಸಾಗಿ ಹೊರಬರುತ್ತೆ. ಅಮೆರಿಕದ ಸೇನೆ ಆಗ ಬಳಸ್ತಿದ್ದದ್ದು ಮೆದು ತಾಮ್ರದ ಕೇಸ್. ಅದನ್ನ ಮತ್ತೆ ತುಂಬೋಕೂ ಆಗಲ್ಲ, ಬಂದೂಕು ಬಿಸಿಯಾದ್ರೆ ಒಳಗೇ ಕಚ್ಚಿಕೊಳ್ಳೋದೂ ಉಂಟು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್‌ನಲ್ಲಿ ಲಕೋಟಾ ಮತ್ತು ಶೈಯೆನ್ ಜನ ಕಸ್ಟರ್‌ನ ದಂಡನ್ನ ಮುಗಿಸಿದಾಗ, ತಾಮ್ರದ ತೋಟಾ ಸಿಕ್ಕಿಹಾಕಿಕೊಂಡದ್ದೇ ಸೋಲಿಗೆ ಕಾರಣ ಅಂತ ದೂರು ಎದ್ದಿತು. 1983ರಲ್ಲಿ ಆ ಬಯಲಿಗೆ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟುಹೋಯ್ತು. ಮರುವರ್ಷ ಪುರಾತತ್ವದವರು ಲೋಹಶೋಧಕ ಹಿಡಿದು ಹುಡುಕಿದ್ರೆ, ಚಾಕುವಿನಿಂದ ಮೀಟಿ ತೆಗೆದ ಗುರುತಿರೋ ಕೇಸ್‌ಗಳು ಸಿಕ್ಕಿದ್ದು ಬೆರಳೆಣಿಕೆಯಷ್ಟು. ಎದುರಾಳಿಗಳ ಹತ್ತಿರ ಇದ್ದ, ಬೇಗ ಬೇಗ ಹಾರೋ ವಿಂಚೆಸ್ಟರ್, ಹೆನ್ರಿ ಬಂದೂಕಿನ ಕೇಸ್‌ಗಳು ಮಾತ್ರ ಬೇಕಾದಷ್ಟು ಸಿಕ್ಕವು. ಸೋತವರು ಸಾಮಾನಿನ ಮೇಲೆ ತಪ್ಪು ಹೊರಿಸೋದು ಎಲ್ಲ ಕಾಲದಲ್ಲೂ ಸುಲಭ.

ಸರಿ, ಬೇಟೆಗೆ ವಾಪಸ್. ಈ ನಿಧಾನದ ಬಂದೂಕು ಅಷ್ಟೊಂದು ಕೊಂದದ್ದು ಹೇಗೆ? ನಿಧಾನ ಇದ್ದದ್ದಕ್ಕೇ ಅಂತ ನನಗೆ ಅನ್ನಿಸುತ್ತೆ. ಬೈಸನ್‌ಗೆ ಮೂಗು ಚುರುಕು, ಕಣ್ಣು ಮಂದ. ಕುದುರೆ ಮೇಲೆ ಅಟ್ಟಿಸಿಕೊಂಡು ಹೋಗಿ ವಿಂಚೆಸ್ಟರ್‌ನಲ್ಲಿ ಸುರಿಮಳೆಗರೆದರೆ ಹಿಂಡು ಚದುರಿ ಮೈಲಿಗಟ್ಟಲೆ ಓಡುತ್ತೆ, ಹೆಣಗಳು ಅಲ್ಲೊಂದು ಇಲ್ಲೊಂದು. ಚರ್ಮ ಸುಲಿಯೋರಿಗೆ ಗೋಳು. ಅದರ ಬದಲು ಗಾಳಿಯ ಇದಿರು ದಿಕ್ಕಿನಲ್ಲಿ, ವಾಸನೆ ಹೋಗದ ಹಾಗೆ, ಇನ್ನೂರು ಮುನ್ನೂರು ಗಜ ದೂರದಲ್ಲಿ ಕೂತು, ಎರಡು ಕೋಲು ಅಡ್ಡಡ್ಡ ಕಟ್ಟಿ ಅದರ ಮೇಲೆ ಭಾರದ ನಳಿಕೆ ಇಟ್ಟು, ಹಿಂಡಿಗೆ ಮುಂದಾಳಾದ ಹೆಣ್ಣಿನ ಶ್ವಾಸಕೋಶಕ್ಕೆ ಹೊಡೀತಿದ್ರು. ಅದು ಓಡಲ್ಲ. ನಿಂತಲ್ಲೇ ತೂರಾಡಿ, ಬಾಯಲ್ಲಿ ರಕ್ತ ಕಾರುತ್ತೆ. ಉಳಿದವು ಸುತ್ತ ಬಂದು ಮೂಸುತ್ತವೆ. ಯಾರು ಹೊರಡೋಕೆ ನೋಡುತ್ತೋ ಅದಕ್ಕೆ ಮುಂದಿನ ಗುಂಡು. ಹಿಂಡು ಕದಲದೆ ನಿಲ್ಲೋ ಈ ಸ್ಥಿತಿಗೆ ಬೇಟೆಗಾರರು 'ಸ್ಟ್ಯಾಂಡ್' ಅಂತಿದ್ರು. ಡಾಜ್ ಎಣಿಸಿದ 112 ಹೆಣ ಇಂಥದ್ದೇ ಒಂದು ಸ್ಟ್ಯಾಂಡ್. ಒಂದು ಗುಂಡು ತಪ್ಪಿ ಹೊಟ್ಟೆಗೆ ಬಿದ್ದರೆ ಪ್ರಾಣಿ ಓಡುತ್ತೆ, ಹಿಂಡೂ ಹಿಂದೆ ಓಡುತ್ತೆ, ಆ ದಿನದ ದುಡಿಮೆ ಹೋಯ್ತು. ಅದಕ್ಕೇ ರಾತ್ರಿಯ ಒಲೆಯ ಮುಂದೆ ಅಷ್ಟು ನಿಗಾ. ಪ್ರತಿ ಗುಂಡೂ ಹಿಂದಿನ ಗುಂಡಿನ ಹಾಗೇ ಇರಬೇಕು, ಒಂದೇ ತೂಕ, ಒಂದೇ ಮದ್ದು.

ಇಷ್ಟು ಚರ್ಮ ಯಾರಿಗೆ ಬೇಕಿತ್ತು? 1871ರವರೆಗೆ ಮಾರಾಟ ಆಗ್ತಿದ್ದದ್ದು ಹೆಚ್ಚಾಗಿ ಚಳಿಗಾಲದ, ಕೂದಲು ತುಂಬಿದ ತೊಗಲು, ಅದನ್ನ ಮೂಲನಿವಾಸಿ ಹೆಂಗಸರು ಕೈಯಲ್ಲಿ ಹದ ಮಾಡ್ತಿದ್ರು. ಆ ಹೊತ್ತಿಗೆ ಬೈಸನ್ ಚರ್ಮವನ್ನೂ ಕಾರ್ಖಾನೆಯಲ್ಲಿ ಗಟ್ಟಿ ತೊಗಲಾಗಿ ಹದ ಮಾಡೋ ವಿಧಾನ ಕೈಗೂಡಿತು. ಗಿರಣಿ ಬೆಲ್ಟ್‌ಗಳಿಗೆ, ಸೈನಿಕರ ಬೂಟಿಗೆ. ಜೋಸಯ್ಯ ರೈಟ್ ಮೂರ್ ಅನ್ನೋ ಇಪ್ಪತ್ತರ ಹುಡುಗ ಒಂದು ಇಂಗ್ಲಿಷ್ ಕಂಪನಿಗೆ ಐನೂರು ಚರ್ಮ ಒದಗಿಸಿ, ಮಿಕ್ಕದ್ದನ್ನ ನ್ಯೂಯಾರ್ಕಿನಲ್ಲಿದ್ದ ಅಣ್ಣನಿಗೆ ಕಳಿಸಿದ. ಅದು ಕೂಡಲೇ ಮಾರಾಟ ಆಯ್ತು, ಇನ್ನೂ ಬೇಕು ಅಂತ ಬೇಡಿಕೆ ಬಂತು. 1872ರ ಸೆಪ್ಟೆಂಬರ್‌ನಲ್ಲಿ ರೈಲು ಡಾಜ್ ಸಿಟಿ ಮುಟ್ಟಿತು. ಆಮೇಲಿನ ಮೂರು ವರ್ಷದಲ್ಲಿ ರೈಲಿನಲ್ಲೇ ಹೋದ ಚರ್ಮ 13 ಲಕ್ಷಕ್ಕೂ ಹೆಚ್ಚು. ಮೊದಮೊದಲು ಸುಲಿಯೋದೂ ಬರ್ತಿರಲಿಲ್ಲ, ಒಂದು ಚರ್ಮ ಪೇಟೆ ಮುಟ್ಟೋಕೆ ಮೂರು ಪ್ರಾಣಿ ಸಾಯ್ತಿದ್ವು ಅಂತ ಡಾಜ್‌ನ ಲೆಕ್ಕ. ಎಂ. ಸ್ಕಾಟ್ ಟೇಲರ್ ಅನ್ನೋ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಂಕಿಅಂಶ ಇಟ್ಟು ತೋರಿಸಿದ್ದು ಇದನ್ನೇ: ಬೈಸನ್ ಮುಗಿಸಿದ್ದರಲ್ಲಿ ಯುರೋಪಿನ ಚರ್ಮದ ಮಾರುಕಟ್ಟೆಯ ಕೈ ದೊಡ್ಡದು. ಸರ್ಕಾರವೇನೂ ಸುಮ್ಮನಿದ್ದು ಒಳ್ಳೆಯದಾಗಲಿಲ್ಲ. 1874ರಲ್ಲಿ ಬೈಸನ್ ಉಳಿಸೋ ಮಸೂದೆ ಸಂಸತ್ತಲ್ಲಿ ಪಾಸಾಯ್ತು. ಅಧ್ಯಕ್ಷ ಗ್ರಾಂಟ್ ಸಹಿ ಹಾಕದೆ ಅದನ್ನ ಸಾಯಲು ಬಿಟ್ಟರು.

ಬೈಸನ್ ನಂಬಿ ಬದುಕ್ತಿದ್ದ ಜನಕ್ಕೆ ಇದು ಉಣ್ಣೋ ತಟ್ಟೆಗೆ ಬಿದ್ದ ಕೈ. 1867ರ ಮೆಡಿಸಿನ್ ಲಾಡ್ಜ್ ಒಪ್ಪಂದದಲ್ಲಿ ಅರ್ಕಾನ್ಸಸ್ ನದಿಯ ದಕ್ಷಿಣದ ಬೇಟೆ ಅವರಿಗೇ ಅಂತ ಮಾತಾಗಿತ್ತು. ಉತ್ತರದಲ್ಲಿ ಹಿಂಡು ತೆಳುವಾದದ್ದೇ ಬೇಟೆಗಾರರು ನದಿ ದಾಟಿದ್ರು, ಯಾರೂ ತಡೀಲಿಲ್ಲ. 1874ರ ಜೂನ್ 27ರ ನಸುಕಿನಲ್ಲಿ ಟೆಕ್ಸಸ್‌ನ ಅಡೋಬಿ ವಾಲ್ಸ್ ಅನ್ನೋ ಬೇಟೆಗಾರರ ಠಾಣ್ಯದ ಮೇಲೆ ಕೊಮಾಂಚಿ, ಕಯೋವಾ, ಶೈಯೆನ್ ಯೋಧರು ನುಗ್ಗಿದರು. ನೂರಾರು ಜನ. ಮುಂದಾಳು ಯುವಕ ಕ್ವಾನಾ ಪಾರ್ಕರ್. ಇಸಟೈ ಅನ್ನೋ ಪೂಜಾರಿ, ಗುಂಡು ನಿಮಗೆ ತಾಗಲ್ಲ ಅಂತ ಅಭಯ ಕೊಟ್ಟಿದ್ದ. ಒಳಗಿದ್ದವರು 28 ಗಂಡಸರು, ಒಬ್ಬ ಹೆಂಗಸು. ಆದರೆ ಅದು ಬೇಟೆಗಾರರಿಗೆ ಸಾಮಾನು ಮಾರೋ ಜಾಗ. ಮದ್ದು, ಸೀಸ, ಬಿಗ್ ಫಿಫ್ಟಿ, ಎಲ್ಲ ಅಂಗಡಿಯಲ್ಲೇ ಇತ್ತು.

ಕೆಲವು ದಿನದ ಮುತ್ತಿಗೆಯಲ್ಲಿ ಬಿಲ್ಲಿ ಡಿಕ್ಸನ್ ಅನ್ನೋನು ಎರವಲು ಬಿಗ್ ಫಿಫ್ಟಿ ಹಿಡಿದು ದೂರದ ದಿಬ್ಬದ ಮೇಲಿದ್ದ ಯೋಧನೊಬ್ಬನನ್ನ ಕುದುರೆಯಿಂದ ಕೆಡವಿದ. ಆಮೇಲೆ ಅಳೆದದ್ದು 1,538 ಗಜ ಅಂತ ಪ್ರಸಿದ್ಧಿ. ಹತ್ತತ್ತಿರ ಒಂದೂವರೆ ಕಿಲೋಮೀಟರ್. ಇಂಟರ್‌ನೆಟ್‌ನಲ್ಲಿ ಈ ಒಂದು ಹೊಡೆತದ ಬಗ್ಗೆ ನೂರು ವಿಡಿಯೋ ಇವೆ. ಡಿಕ್ಸನ್ ಮಾತ್ರ ಅದು ಅದೃಷ್ಟದ ಹೊಡೆತ ಅಂತಲೇ ಹೇಳಿದ್ದ. ಮುತ್ತಿಗೆ ಮುರಿಯಿತು. ಮರುವರ್ಷ ಜೂನ್ ಹೊತ್ತಿಗೆ ಹಸಿವು, ಸೈನ್ಯದ ಬೆನ್ನಟ್ಟು ಎರಡೂ ಸೇರಿ ಕ್ವಾನಾ ತನ್ನ ಜನರನ್ನ ಕರೆದುಕೊಂಡು ಫೋರ್ಟ್ ಸಿಲ್‌ಗೆ ಬಂದು ಶರಣಾದ.

ಅದೇ 1874ರ ಸೆಪ್ಟೆಂಬರ್ 26ರಂದು ಇದೇ ಕಂಪನಿಗಳ ಬಂದೂಕಿನ ಇನ್ನೊಂದು ಮುಖ ನ್ಯೂಯಾರ್ಕ್ ಪಕ್ಕದ ಕ್ರೀಡ್‌ಮೂರ್ ಮೈದಾನದಲ್ಲಿ ಕಂಡಿತು. ಅಮೆರಿಕ–ಐರ್ಲೆಂಡ್ ಗುರಿಪಂದ್ಯ, 800, 900, 1000 ಗಜ. ಐರಿಷರದ್ದು ಬಾಯಿಂದ ತುಂಬೋ ರಿಗ್ಬಿ, ಅಮೆರಿಕನ್ನರದ್ದು ಶಾರ್ಪ್ಸ್ ಮತ್ತು ರೆಮಿಂಗ್ಟನ್. ಕೊನೆಯ ಗುಂಡಿನವರೆಗೂ ಕ್ರಿಕೆಟ್ ಸೂಪರ್ ಓವರ್ ಹಾಗೆ. ಒಬ್ಬ ಐರಿಷ್ ಆಟಗಾರ ಪಕ್ಕದವರ ಗುರಿಹಲಗೆಗೆ ಹೊಡೆದು ಅಂಕ ಕಳೆದುಕೊಂಡ. ಅಮೆರಿಕದ ಜಾನ್ ಬೋಡೈನ್ ಕೈಗೆ ಬಾಟಲಿ ಒಡೆದು ಗಾಯ, ರಕ್ತ ಸುರೀತಾ ಇದ್ದ ಕೈಗೆ ಕರವಸ್ತ್ರ ಸುತ್ತಿ ಕೊನೆಯ ಗುಂಡು ಹೊಡೆದ. 934ಕ್ಕೆ 931. ಇವತ್ತಿನ ಪ್ರಸಿದ್ಧ 6.5 ಕ್ರೀಡ್‌ಮೂರ್ ತೋಟಾದ ಹೆಸರು ಬಂದದ್ದು ಆ ಮೈದಾನದಿಂದ.

ಬಯಲಿನ ಕಥೆ ಬೇಗ ಮುಗಿಯಿತು. ದಕ್ಷಿಣದ ಹಿಂಡು 1870ರ ದಶಕದ ಕೊನೆಗೆ ಇಲ್ಲ. ಉತ್ತರದ ಹಿಂಡು 1883ಕ್ಕೆ ಇಲ್ಲ. ಶಾರ್ಪ್ಸ್ ಕಂಪನಿ 1881ರ ಹೊತ್ತಿಗೇ ಬಾಗಿಲು ಮುಚ್ಚಿತ್ತು. ಬಡ ರೈತರು ಬಯಲಲ್ಲಿ ಬಿದ್ದ ಎಲುಬು ಆರಿಸಿ ಟನ್ ಲೆಕ್ಕದಲ್ಲಿ ಮಾರಿದ್ರು, ಗೊಬ್ಬರಕ್ಕೆ, ಸಕ್ಕರೆ ಬಿಳಿ ಮಾಡೋಕೆ. ವಿಲಿಯಂ ಹಾರ್ನಡೇ 1889ರಲ್ಲಿ ಸ್ಮಿತ್‌ಸೋನಿಯನ್‌ಗೆ ಕೊಟ್ಟ ವರದಿಯಲ್ಲಿ ಇಡೀ ಖಂಡದಲ್ಲಿ ಉಳಿದ ಬೈಸನ್ ಎಣಿಸಿದ್ದಾರೆ. 1,091. ಅದರಲ್ಲಿ ಅಮೆರಿಕದಲ್ಲಿ ರಕ್ಷಣೆಯಿಲ್ಲದೆ ಅಲೀತಾ ಇದ್ದದ್ದು 85. ಈ ಹಾರ್ನಡೇ ಮೂರು ವರ್ಷ ಹಿಂದೆ ಮೊಂಟಾನಾಗೆ ಹೋಗಿ ಮ್ಯೂಸಿಯಮ್ಮಿಗಾಗಿ ತಾವೇ ಸುಮಾರು ಎರಡು ಡಜನ್ ಬೈಸನ್ ಹೊಡೆದು ತಂದವರು. ಮುಂದೆ ಬೈಸನ್ ಉಳಿಸೋ ಸಂಘ ಕಟ್ಟಿದವರೂ ಅವರೇ.

ಮದ್ದಿನ ಕಥೆಯೂ ಬದಲಾಯ್ತು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಬಂತು, ಗುಂಡಿನ ವೇಗ ಏರಿತು, ಬರೀ ಸೀಸ ಆ ವೇಗ ತಾಳದೆ ಮೇಲೆ ತಾಮ್ರದ ಅಂಗಿ ತೊಡಿಸಿದ್ರು. ಎರಕದ ಭಾರದ ಗುಂಡು ಹವ್ಯಾಸಿಗಳ ಪಾಲಾಯ್ತು. ಇವತ್ತಿಗೂ ಮೊಂಟಾನಾದ ಬಿಗ್ ಟಿಂಬರ್ ಅನ್ನೋ ಊರಲ್ಲಿ ಶಾರ್ಪ್ಸ್ ಮಾದರಿಯ ಬಂದೂಕು ತಯಾರಾಗುತ್ತೆ. ಅದನ್ನ ಕೊಂಡವರು ಇಪ್ಪತ್ತಕ್ಕೊಂದೋ ಮೂವತ್ತಕ್ಕೊಂದೋ ಅಂತ ಇವತ್ತಿಗೂ ತವರದ ಲೆಕ್ಕ ಹಾಕ್ತಾ ಕೂರ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಬೇಟೆಗೆ ಸೀಸದ ಗುಂಡು 2019ರ ಜುಲೈಯಿಂದ ಪೂರ್ತಿ ನಿಷೇಧ. ಅಲ್ಲಿನ ಕಾಂಡೋರ್ ಹದ್ದುಗಳು ಬೇಟೆಯಾದ ಪ್ರಾಣಿಯ ಉಳಿಕೆ ತಿಂದು ಸೀಸದ ವಿಷಕ್ಕೆ ಸಾಯ್ತಾ ಇದ್ವು. 1982ರಲ್ಲಿ ಇಡೀ ಲೋಕದಲ್ಲಿ ಉಳಿದಿದ್ದ ಕಾಂಡೋರ್ 22.

ಇನ್ನು ಆ ಜೋಸಯ್ಯ ರೈಟ್ ಮೂರ್. ಇಪ್ಪತ್ತು ಸಾವಿರಕ್ಕೂ ಹೆಚ್ಚು ಬೈಸನ್ ಹೊಡೆದೆ ಅಂತ ಹೇಳಿಕೊಳ್ತಿದ್ದ, ನಾವು ದಾರಿ ಮಾಡದಿದ್ರೆ ಇಲ್ಲಿ ಊರುಗಳೇ ಆಗ್ತಿರಲಿಲ್ಲ ಅಂತ ಮುದಿವಯಸ್ಸಿನಲ್ಲೂ ವಾದಿಸ್ತಿದ್ದ. 1876ರಲ್ಲಿ ಟೆಕ್ಸಸ್‌ನ ಸ್ನೈಡರ್ ಊರಿನ ಹತ್ತಿರ ಅವನು ಒಂದು ಬಿಳಿ ಬೈಸನ್ ಹೊಡೆದ. ಎಷ್ಟೋ ಬುಡಕಟ್ಟುಗಳಿಗೆ ದೇವರಂಥ ಪ್ರಾಣಿ ಅದು. ಆ ಚರ್ಮ ಮಾರದೆ ಕೊನೆವರೆಗೂ ಮನೆಯಲ್ಲೇ ಇಟ್ಟುಕೊಂಡಿದ್ದ. 1940ರಲ್ಲಿ ತೀರಿಕೊಂಡ. ಸ್ನೈಡರ್ ಊರಿನ ಕೋರ್ಟ್ ಮುಂದಿನ ಚೌಕದಲ್ಲಿ ಈಗ ಒಂದು ಬಿಳಿ ಬೈಸನ್ ಪ್ರತಿಮೆ ಇದೆ.